ಚೂರುಚೂರಾದ ಡಿಎನ್‌ಎಯಿಂದ ಗುರುತು ಪತ್ತೆ: ಯಾವಾಗ ಯಾವ ಮಾರ್ಕರ್ ಹಿಡಿಯಬೇಕು

ಡಿಎನ್‌ಎ ಪರೀಕ್ಷೆಯ ಗ್ರಾಫ್ ತೆರೆದ ಕೂಡಲೇ ಗೊತ್ತಾಗಿಬಿಡುತ್ತದೆ. ಅದರಲ್ಲಿ ಗಿಡ್ಡ ತುಂಡುಗಳ ಪೀಕ್ ಎಡಕ್ಕೆ, ಉದ್ದನೆಯವುಗಳ ಪೀಕ್ ಬಲಕ್ಕೆ ಬರುತ್ತದೆ. ಎಡಗಡೆ ಪೀಕ್‌ಗಳು ಆಳೆತ್ತರಕ್ಕೆ ನಿಂತಿರುತ್ತವೆ. ನಡುವೆ ಬರುವಷ್ಟರಲ್ಲಿ ಮೊಣಕಾಲುದ್ದ ಆಗಿರುತ್ತವೆ. ಬಲತುದಿಯಲ್ಲಿ ಬರೀ ನೆಲ. ಇದು ಯಂತ್ರದ ತಪ್ಪಲ್ಲ, ಕಿಟ್‌ನ ತಪ್ಪೂ ಅಲ್ಲ. ಸ್ಯಾಂಪಲ್‌ನಲ್ಲಿದ್ದ ಡಿಎನ್‌ಎ ಮುರಿದುಹೋಗಿದೆ. ಉದ್ದನೆಯ ತುಂಡುಗಳು ಹೋಗಿವೆ, ಗಿಡ್ಡವು ಮಾತ್ರ ಉಳಿದಿವೆ.

ಫೋರೆನ್ಸಿಕ್ ಲ್ಯಾಬ್‌ಗೆ ಹೊಸದಾಗಿ ಬಂದವರು ಇಂಥ ಗ್ರಾಫ್ ನೋಡಿದ ಮೇಲೆ ಮಾಡುವ ಮೊದಲ ಕೆಲಸ ಏನು ಗೊತ್ತಾ? ಇನ್ನಷ್ಟು ಡಿಎನ್‌ಎ ಹಾಕಿ ಮತ್ತೊಮ್ಮೆ ಓಡಿಸುವುದು. ಆಗ ಎಡಗಡೆಯ ಪೀಕ್‌ಗಳು ಇನ್ನೂ ಎತ್ತರ ಆಗುತ್ತವೆ, ಬಲಗಡೆ ಹಾಗೇ ಖಾಲಿ ಉಳಿಯುತ್ತದೆ. ಸಿಕ್ಕಿದ್ದೇ ಎರಡು ಹನಿ ಇದ್ದರೆ ಅದರಲ್ಲಿ ಒಂದು ಹನಿ ಹೀಗೆ ಹೋಯಿತು.

ಆದ್ದರಿಂದ ಈ ಇಡೀ ಮಾರ್ಗದರ್ಶಿಯಲ್ಲಿ ನಾನು ಒಂದೇ ಮಾತಿಗೆ ಮತ್ತೆ ಮತ್ತೆ ಬರುತ್ತೇನೆ. ಉಳಿದಿರುವ ತುಂಡು ಎಷ್ಟುದ್ದ ಅಂತ ಮೊದಲು ಅಳೆಯಿರಿ. ಅದಕ್ಕೆ ಹೊಂದುವ ಮಾರ್ಕರ್, ಅಂದರೆ ಒಬ್ಬರಿಂದ ಒಬ್ಬರಿಗೆ ಬದಲಾಗುವ ಡಿಎನ್‌ಎ ಜಾಗ, ಆಮೇಲೆ ಆರಿಸಿ. ಲ್ಯಾಬ್ ಕೆಲಸ ಕಲಿಯುತ್ತಿರುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಡಿಎನ್‌ಎ ವರದಿ ಓದಬೇಕಾದ ವಕೀಲರಿಗೆ, ತನಿಖೆ ಮಾಡುವವರಿಗೆ, ಕಾಣೆಯಾದವರ ಮನೆಯವರಿಗೂ ಒಳಗೆ ಏನು ನಡೆಯುತ್ತದೆ ಅಂತ ತಿಳಿಯಲಿ ಅನ್ನುವ ಆಸೆ ನನ್ನದು. ಡಿಎನ್‌ಎ ಎಳೆಯ ಒಂದೊಂದು ಕೊಂಡಿಯಾದ ಬೇಸ್ ಜೋಡಿಯನ್ನು ಇಲ್ಲಿ ಸುಲಭಕ್ಕೆ ‘ಅಕ್ಷರ’ ಅಂತಲೇ ಕರೆಯುತ್ತೇನೆ. ಎ, ಜಿ, ಸಿ, ಟಿ ಅಂತ ನಾಲ್ಕು ಬಗೆಯ ಅಕ್ಷರ ಇವೆ.

1. ಮುರಿದದ್ದು ಹೇಗೆ ಅಂತ ಮೊದಲು ಯೋಚಿಸಿ

ಜೀವಕೋಶ ಬದುಕಿರುವಾಗ ಡಿಎನ್‌ಎಗೆ ದಿನಾ ಪೆಟ್ಟು ಬೀಳುತ್ತದೆ, ದಿನಾ ರಿಪೇರಿಯೂ ಆಗುತ್ತದೆ. ಸಾವಿನ ನಂತರ ರಿಪೇರಿ ನಿಂತುಹೋಗುತ್ತದೆ. ಪೆಟ್ಟು ಮಾತ್ರ ನಿಲ್ಲುವುದಿಲ್ಲ. ಮೊದಲು ಕೋಶದೊಳಗಿನ ಕಿಣ್ವಗಳೇ ಕತ್ತರಿಸಲು ಶುರು ಮಾಡುತ್ತವೆ. ಹಿಂದೆಯೇ ಬ್ಯಾಕ್ಟೀರಿಯ, ಬೂಷ್ಟು ಬರುತ್ತವೆ. ನೀರು ನಿಧಾನವಾಗಿ ಎ ಮತ್ತು ಜಿ ಅಕ್ಷರಗಳನ್ನು ಎಳೆಯಿಂದ ಕಿತ್ತುಹಾಕುತ್ತದೆ, ಕಿತ್ತ ಜಾಗದಲ್ಲಿ ಎಳೆ ತುಂಡಾಗುತ್ತದೆ. ಸಿ ಅಕ್ಷರವನ್ನು ಯುರಾಸಿಲ್ ಆಗಿ ಬದಲಾಯಿಸುವುದೂ ನೀರಿನದೇ ಕೆಲಸ. ಓದುವಾಗ ಅದು ಟಿ ಅಂತ ಕಾಣಿಸುತ್ತದೆ. ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಅಕ್ಕಪಕ್ಕದ ಟಿಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಡಿಎನ್‌ಎ ತುಂಡಿನ ಲಕ್ಷಾಂತರ ಪ್ರತಿ ಮಾಡುವ ವಿಧಾನವಾದ ಪಿಸಿಆರ್‌ನ ಕಿಣ್ವ ಅಲ್ಲಿಗೆ ಬಂದು ನಿಂತುಬಿಡುತ್ತದೆ.

ಒಂದು ಸಮಾಧಾನ ಇದೆ. ಕೋಶದಲ್ಲಿ ಡಿಎನ್‌ಎ ಪುಟ್ಟ ಪುಟ್ಟ ಪ್ರೋಟೀನ್ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಒಂದೊಂದು ಉಂಡೆಗೆ ಸುಮಾರು 147 ಅಕ್ಷರ. ಸುತ್ತಿಕೊಂಡ ಭಾಗಕ್ಕೆ ಅಷ್ಟಿಷ್ಟು ರಕ್ಷಣೆ ಸಿಗುತ್ತದೆ. ಹಾಗಾಗಿ ತೀರಾ ಕೆಟ್ಟ ಸ್ಯಾಂಪಲ್‌ನಲ್ಲೂ ಗಿಡ್ಡ ಮಾರ್ಕರ್‌ಗೆ ಸಾಕಾಗುವಷ್ಟು ತುಂಡು ಸಿಗುವ ಆಸೆ ಇಟ್ಟುಕೊಳ್ಳಬಹುದು.

ಇಲ್ಲಿ ಸ್ಯಾಂಪಲ್‌ನ ವಯಸ್ಸಿಗಿಂತ ಅದು ಇದ್ದ ಜಾಗ ಮುಖ್ಯ. ನ್ಯೂಜಿಲೆಂಡ್‌ನಲ್ಲಿ ಅಳಿದುಹೋದ ಮೋವಾ ಹಕ್ಕಿಯ ಮೂಳೆಗಳ ಮೇಲೆ 2012ರಲ್ಲಿ ಪ್ರಕಟವಾದ ಅಧ್ಯಯನವನ್ನೇ ನೋಡಿ. ಸರಾಸರಿ 13.1 ಡಿಗ್ರಿ ತಂಪಿನಲ್ಲಿ, 242 ಅಕ್ಷರದ ಮೈಟೊಕಾಂಡ್ರಿಯ (ಕೋಶದ ಶಕ್ತಿಕೇಂದ್ರ) ಡಿಎನ್‌ಎ ತುಂಡುಗಳು ಅರ್ಧಕ್ಕೆ ಇಳಿಯಲು 521 ವರ್ಷ ಬೇಕಾಯಿತು ಅಂತ ಅದರ ಲೆಕ್ಕ. ಬೇರೆ ಕಡೆ, ಬಿಸಿಯೂ ತೇವವೂ ಇರುವ ಮಣ್ಣಿನಲ್ಲಿ, ಕೆಲವೇ ವಾರಗಳಲ್ಲಿ ಮೃದು ಅಂಗಾಂಶ ಕೈಗೆ ಸಿಗದ ಹಾಗೆ ಕೆಟ್ಟಿರುತ್ತದೆ. ಸ್ಯಾಂಪಲ್ ಬಂದಾಗ ‘ಎಷ್ಟು ಹಳೆಯದು?’ ಅನ್ನುವ ಪ್ರಶ್ನೆ ಒಂದೇ ಸಾಲದು. ಬಿಸಿ ಇತ್ತಾ, ನೀರಿತ್ತಾ, ಬೆಂಕಿ ತಾಗಿತ್ತಾ, ಯಾರಾದರೂ ಫಾರ್ಮಲಿನ್ ಹಾಕಿದ್ದರಾ, ಇದನ್ನೆಲ್ಲ ಕೇಳಿ.

2. ಸರಿಯಾದ ತುಣುಕು ಆರಿಸಿ, ಒಣಗಿಸಿ ಇಡಿ

ರಕ್ತದ ಕಲೆ, ಬಟ್ಟೆ, ಬಾಯಿಯ ಸ್ವಾಬ್ (ಒರೆಸಿದ ಹತ್ತಿಕಡ್ಡಿ) ಯಾವುದೇ ಇರಲಿ, ಒಣಗಿಸಿ ಕಾಗದದ ಲಕೋಟೆಯಲ್ಲಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ತೇವ ಒಳಗೇ ಉಳಿದು ಬೂಷ್ಟು ಹಿಡಿಯುತ್ತದೆ. ಅಂಗಾಂಶವನ್ನು ಫಾರ್ಮಲಿನ್‌ಗೆ ಹಾಕಬೇಡಿ. ಅದು ಡಿಎನ್‌ಎಯನ್ನು ಪ್ರೋಟೀನ್ ಜೊತೆ ಹೆಣೆದು ಕಟ್ಟಿಹಾಕುತ್ತದೆ. ಗಾಢ ಎಥನಾಲ್‌ನಲ್ಲಿ ಇಡಬಹುದು, ಇಲ್ಲವೇ ನೇರ ಫ್ರೀಜರ್‌ಗೆ ಹಾಕಬಹುದು.

ಮೂಳೆಯೇ ಸಿಕ್ಕಿದ್ದರೆ ಯಾವ ಮೂಳೆ ಅನ್ನುವುದು ದೊಡ್ಡ ವಿಷಯ. ಒಳಕಿವಿಯನ್ನು ಸುತ್ತುವರಿದ ಪೆಟ್ರಸ್ ಮೂಳೆ ದೇಹದಲ್ಲೇ ಅತಿ ಗಟ್ಟಿಯಾದದ್ದು, ಹಳೆಯ ಅವಶೇಷಗಳಲ್ಲಿ ಡಿಎನ್‌ಎ ಚೆನ್ನಾಗಿ ಉಳಿಯುವ ಜಾಗ. ಅದು ಇಲ್ಲದಿದ್ದರೆ ಹುಳುಕಿಲ್ಲದ ದವಡೆ ಹಲ್ಲು, ತೊಡೆ ಮೂಳೆಯ ನಡುಭಾಗ. ತುಂಬಾ ಹಳೆಯದಲ್ಲದ ದೇಹಗಳಲ್ಲಿ ಕೈಕಾಲಿನ ಪುಟ್ಟ ಮೂಳೆಗಳೂ ಒಳ್ಳೆಯ ಫಲ ಕೊಟ್ಟಿವೆ. ಅವುಗಳನ್ನು ಗರಗಸ ಇಲ್ಲದೆಯೇ ತೆಗೆಯಬಹುದು. ನೂರಾರು ದೇಹ ಇರುವ ದುರಂತದಲ್ಲಿ ಇದು ದೊಡ್ಡ ಅನುಕೂಲ.

3. ನಿಮ್ಮ ಡಿಎನ್‌ಎ ಒಳಗೆ ಹೋಗದ ಹಾಗೆ ನೋಡಿಕೊಳ್ಳಿ

ಕೆಟ್ಟ ಸ್ಯಾಂಪಲ್‌ನಲ್ಲಿ ಇರುವುದೇ ಹತ್ತು ಕೋಶದಷ್ಟು ಡಿಎನ್‌ಎ. ನಿಮ್ಮ ಒಂದು ಸೀನು ಅದನ್ನು ಮುಳುಗಿಸಿಬಿಡುತ್ತದೆ. ಅದೂ ನಿಮ್ಮ ಡಿಎನ್‌ಎ ಉದ್ದ, ತಾಜಾ. ಪಿಸಿಆರ್ ಮೊದಲು ಅದನ್ನೇ ಎತ್ತಿಕೊಳ್ಳುತ್ತದೆ.

ಜರ್ಮನಿ ಮತ್ತು ಅದರ ನೆರೆಯ ದೇಶಗಳಲ್ಲಿ ವರ್ಷಗಟ್ಟಲೆ ಒಬ್ಬಳೇ ಹೆಂಗಸಿನ ಡಿಎನ್‌ಎ ಸುಮಾರು 40 ಅಪರಾಧ ಸ್ಥಳಗಳಲ್ಲಿ ಸಿಗುತ್ತಾ ಹೋಯಿತು. ಹೈಲ್‌ಬ್ರಾನ್ ಊರಿನಲ್ಲಿ 2007ರಲ್ಲಿ ನಡೆದ ಪೊಲೀಸ್ ಅಧಿಕಾರಿಯ ಕೊಲೆಯೂ ಅದರಲ್ಲಿ ಸೇರಿತ್ತು. 2009ರಲ್ಲಿ ನಿಜ ಹೊರಬಿತ್ತು. ಆ ಡಿಎನ್‌ಎ ಸ್ವಾಬ್ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವಳದು. ಸ್ವಾಬ್‌ಗಳು ಸ್ಟೆರೈಲ್ ಆಗಿದ್ದವು, ಬ್ಯಾಕ್ಟೀರಿಯ ಸತ್ತಿದ್ದವು. ಡಿಎನ್‌ಎ ಹೋಗಿರಲಿಲ್ಲ. ಸ್ಟೆರೈಲ್ ಅಂದ್ರೆ ಡಿಎನ್‌ಎ ಇಲ್ಲ ಅಂತ ಅರ್ಥ ಅಲ್ಲ ಅನ್ನುವುದು ಆಮೇಲೆ ಎಲ್ಲರಿಗೂ ತಲೆಗೆ ಹೋಯಿತು.

ಹಾಗಾಗಿ ಮೂರು ನಿಯಮ ಇಟ್ಟುಕೊಳ್ಳಿ. ಮೂಳೆ ಕೆಲಸದ ಕೋಣೆ ಮತ್ತು ಪಿಸಿಆರ್ ಆದ ಮೇಲಿನ ಕೋಣೆ ಬೇರೆ ಬೇರೆ ಇರಲಿ. ಪಿಸಿಆರ್ ಆದ ಮೇಲಿನ ಕೋಣೆಗೆ ಹೋದರೆ ಅದೇ ದಿನ ಮೂಳೆ ಕೋಣೆಗೆ ವಾಪಸ್ ಬರಬೇಡಿ. ಲ್ಯಾಬ್‌ನ ಪ್ರತಿಯೊಬ್ಬರ ಡಿಎನ್‌ಎ ಪ್ರೊಫೈಲ್ (ಮಾರ್ಕರ್‌ಗಳ ಫಲಿತಾಂಶದ ಪಟ್ಟಿ), ಸ್ಯಾಂಪಲ್ ಮುಟ್ಟಿದ ಪ್ರತಿಯೊಬ್ಬರ ಪ್ರೊಫೈಲ್ ಹೋಲಿಸಿ ನೋಡಲು ಸಿದ್ಧವಿರಲಿ. ಪ್ರತಿ ಬ್ಯಾಚ್‌ನಲ್ಲೂ ಒಂದು ಖಾಲಿ ಟ್ಯೂಬ್ ಶುರುವಿನಿಂದ ಕೊನೆವರೆಗೆ ಸ್ಯಾಂಪಲ್ ಜೊತೆಯಲ್ಲೇ ನಡೆಯಲಿ. ಆ ಖಾಲಿ ಟ್ಯೂಬ್‌ನಲ್ಲಿ ಪೀಕ್ ಬಂತೋ, ಆ ಬ್ಯಾಚ್‌ನ ಫಲಿತಾಂಶವನ್ನು ಯಾರಿಗೂ ಕೊಡಬೇಡಿ.

4. ಡಿಎನ್‌ಎ ಹೊರತೆಗೆಯುವುದು

ಮೂಳೆಯ ಮೇಲ್ಪದರವನ್ನು ಒಂದೆರಡು ಮಿಲಿಮೀಟರ್ ಉಜ್ಜಿ ತೆಗೆಯಿರಿ. ಮಣ್ಣು, ಬ್ಯಾಕ್ಟೀರಿಯ, ಕೈ ಮುಟ್ಟಿದ ಕೊಳೆ ಎಲ್ಲ ಇರುವುದು ಅಲ್ಲೇ. ಬ್ಲೀಚ್‌ನಿಂದ ತೊಳೆದು, ಶುದ್ಧ ನೀರು, ಎಥನಾಲ್‌ನಿಂದ ತೊಳೆದು, ಪೂರ್ತಿ ಒಣಗಿಸಿ. ಆಮೇಲೆ ಪುಡಿ ಮಾಡಿ. ಡ್ರಿಲ್ ಉಪಯೋಗಿಸುವುದಾದರೆ ನಿಧಾನ ವೇಗದಲ್ಲಿ. ಸುಟ್ಟ ವಾಸನೆ ಬಂದರೆ ಅಲ್ಲಿ ಹೋಗುತ್ತಿರುವುದು ಡಿಎನ್‌ಎಯೇ. ದ್ರವ ಸಾರಜನಕದಲ್ಲಿ ತಣ್ಣಗೆ ಇಟ್ಟು ಪುಡಿ ಮಾಡುವ ಗ್ರೈಂಡರ್ ಇದ್ದರೆ ಅದೇ ವಾಸಿ.

ಹಿಂದೆ ಮೂಳೆಯ ಪುಡಿಯಿಂದ ಕ್ಯಾಲ್ಸಿಯಂ ತೊಳೆದು, ಆ ನೀರನ್ನು ಚೆಲ್ಲಿ, ಉಳಿದದ್ದರಿಂದ ಡಿಎನ್‌ಎ ತೆಗೆಯುತ್ತಿದ್ದರು. ಚೆಲ್ಲಿದ ನೀರಿನಲ್ಲೇ ಬೇಕಾದಷ್ಟು ಡಿಎನ್‌ಎ ಹೋಗುತ್ತಿತ್ತು. 2007ರ ಹೊತ್ತಿಗೆ ಪೂರ್ತಿ ಕರಗಿಸುವ ವಿಧಾನ ಬಂತು. ಕ್ಯಾಲ್ಸಿಯಂ ಹಿಡಿದು ತೆಗೆಯುವ 0.5 ಮೋಲಾರ್ ಇಡಿಟಿಎ, ಜೊತೆಗೆ ಡಿಟರ್ಜೆಂಟ್, ಪ್ರೋಟೀನ್ ಕತ್ತರಿಸುವ ಕಿಣ್ವ ಪ್ರೋಟೀನೇಸ್ ಕೆ. ಇಡೀ ರಾತ್ರಿ 56 ಡಿಗ್ರಿಯಲ್ಲಿ ಅಲುಗಾಡಿಸುತ್ತಾ ಇಟ್ಟರೆ ಪುಡಿ ಹೆಚ್ಚುಕಡಿಮೆ ಮಾಯವಾಗುತ್ತದೆ. ಏನನ್ನೂ ಚೆಲ್ಲುವ ಮಾತಿಲ್ಲ. ಆಮೇಲೆ ಡಿಎನ್‌ಎಯನ್ನು ಸಿಲಿಕಾ ಮೇಲೆ ಹಿಡಿದು ಶುದ್ಧ ಮಾಡುವಾಗ ಗಿಡ್ಡ ತುಂಡುಗಳು ಜಾರಿಹೋಗದಂಥ ಬಫರ್ ಬಳಸಿ. ಮಾಮೂಲಿ ಸಿಲಿಕಾ ಕಾಲಂಗಳು 100 ಅಕ್ಷರಕ್ಕಿಂತ ಕಡಿಮೆ ಇರುವುದನ್ನು ಸುಮ್ನೆ ಬಿಟ್ಟುಬಿಡುತ್ತವೆ. ನಮಗೆ ಬೇಕಾಗಿರುವುದೇ ಅದು, ಅಲ್ವಾ?

ಡಿಎನ್‌ಎ ಜೊತೆಗೆ ಪಿಸಿಆರ್‌ಗೆ ಅಡ್ಡಿ ಮಾಡುವ ವಸ್ತುಗಳೂ ಬರುತ್ತವೆ. ಮಣ್ಣಿನ ಹ್ಯೂಮಿಕ್ ಆಮ್ಲ, ರಕ್ತದ ಹೀಮ್, ಜೀನ್ಸ್ ಬಟ್ಟೆಯ ಇಂಡಿಗೊ ಬಣ್ಣ, ಕೂದಲಿನ ಮೆಲನಿನ್, ಮೂಳೆಯ ಕ್ಯಾಲ್ಸಿಯಂ. ಟ್ಯೂಬ್‌ನ ದ್ರವ ಕಂದು ಬಣ್ಣಕ್ಕಿದ್ದರೆ ಈಗಲೇ ಅನುಮಾನ ಪಡಿ.

5. ಉದ್ದ ಅಳೆಯಿರಿ

ಈ ಹೆಜ್ಜೆಯನ್ನು ಬಿಟ್ಟರೆ ಮುಂದಿನದೆಲ್ಲ ಊಹೆ. ಈಗಿನ ಕ್ಯುಪಿಸಿಆರ್ (ಪ್ರಮಾಣ ಅಳೆಯುವ ಪಿಸಿಆರ್) ಕಿಟ್‌ಗಳು ಮನುಷ್ಯನ ಡಿಎನ್‌ಎ ಎಷ್ಟಿದೆ ಅನ್ನುವುದನ್ನು ಎರಡು ಸಲ ಅಳೆಯುತ್ತವೆ. ಒಮ್ಮೆ ಗಿಡ್ಡ ಗುರಿ (ನಕಲು ಮಾಡಬೇಕಾದ ತುಂಡು) ಇಟ್ಟು, ಒಮ್ಮೆ ಉದ್ದ ಗುರಿ ಇಟ್ಟು. ಉದಾಹರಣೆಗೆ ಕ್ವಾಂಟಿಫೈಲರ್ ಟ್ರಯೊ ಕಿಟ್‌ನಲ್ಲಿ ಗಿಡ್ಡ ಗುರಿ 80 ಅಕ್ಷರ, ಉದ್ದ ಗುರಿ 214 ಅಕ್ಷರ. ಗಿಡ್ಡದ ಅಳತೆಯನ್ನು ಉದ್ದದ ಅಳತೆಯಿಂದ ಭಾಗಿಸಿದರೆ ಬರುವುದೇ ಡಿಗ್ರೇಡೇಶನ್ ಇಂಡೆಕ್ಸ್. 1ರ ಆಸುಪಾಸು ಇದ್ದರೆ ಡಿಎನ್‌ಎ ಗಟ್ಟಿಯಾಗಿದೆ. 10 ದಾಟಿದರೆ ತೀರಾ ಮುರಿದಿದೆ.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ, ಪೆನ್ನು ಹಿಡಿದು ನೀವೂ ಮಾಡಿ. ಮೂಳೆಯ ಒಂದು ಸ್ಯಾಂಪಲ್‌ನಲ್ಲಿ ಗಿಡ್ಡ ಗುರಿಗೆ ಮೈಕ್ರೋಲೀಟರಿಗೆ 0.2 ನ್ಯಾನೋಗ್ರಾಂ ಬಂತು ಅನ್ನಿ. ಉದ್ದ ಗುರಿಗೆ 0.01. ಭಾಗಿಸಿದರೆ 20. ಪಿಸಿಆರ್‌ಗೆ 5 ಮೈಕ್ರೋಲೀಟರ್ ಹಾಕುತ್ತೀರಿ. ಗಿಡ್ಡ ಅಳತೆ ನೋಡಿದರೆ 1 ನ್ಯಾನೋಗ್ರಾಂ ಆಯಿತು. ಧಾರಾಳ ಅನ್ನಿಸುತ್ತದೆ. ಆದರೆ 214 ಅಕ್ಷರದ ಗುರಿಗೆ ಅದೇ 5 ಮೈಕ್ರೋಲೀಟರ್‌ನಲ್ಲಿ ಸಿಗುವುದು 0.05 ನ್ಯಾನೋಗ್ರಾಂ, ಅಂದ್ರೆ 50 ಪಿಕೋಗ್ರಾಂ. ಒಂದು ಕೋಶದಲ್ಲಿ ಸುಮಾರು 6.6 ಪಿಕೋಗ್ರಾಂ ಡಿಎನ್‌ಎ ಇರುತ್ತದೆ. ಹಾಗಾದರೆ ಕೈಯಲ್ಲಿರುವುದು ಏಳೆಂಟು ಕೋಶಗಳಷ್ಟು.

ಇನ್ನೂ ಮುಂದೆ ಹೋಗಿ. 80ರಿಂದ 214ಕ್ಕೆ ಹೋಗುವಷ್ಟರಲ್ಲಿ, ಅಂದರೆ 134 ಅಕ್ಷರ ಉದ್ದ ಆಗುವಷ್ಟರಲ್ಲಿ, ಡಿಎನ್‌ಎ 20 ಪಟ್ಟು ಇಳಿಯಿತು. ಎಳೆ ಎಲ್ಲೆಂದರಲ್ಲಿ ಸಮನಾಗಿ ಮುರಿದಿದ್ದರೆ ಇನ್ನೊಂದು 134 ಅಕ್ಷರಕ್ಕೆ ಮತ್ತೆ 20 ಪಟ್ಟು ಇಳಿಯುತ್ತದೆ. 348 ಅಕ್ಷರದ ಮಾರ್ಕರ್‌ಗೆ ಉಳಿಯುವುದು 2.5 ಪಿಕೋಗ್ರಾಂ. ಅರ್ಧ ಕೋಶವೂ ಇಲ್ಲ! ಎಷ್ಟು ಸಲ ಓಡಿಸಿದರೂ ಅಲ್ಲಿ ಏನೂ ಬರಲಾರದು. ಅದೇ ಲೆಕ್ಕದಲ್ಲಿ 120 ಅಕ್ಷರದ ಮಾರ್ಕರ್‌ಗೆ ಸುಮಾರು 0.4 ನ್ಯಾನೋಗ್ರಾಂ ಸಿಗುತ್ತದೆ. ಅರವತ್ತು ಕೋಶಗಳಷ್ಟು. ಒಳ್ಳೆಯ ಪ್ರೊಫೈಲ್‌ಗೆ ಇದು ಸಾಕು. ಒಂದೇ ಟ್ಯೂಬ್, ಒಂದೇ ಐದು ಮೈಕ್ರೋಲೀಟರ್. ಮಾರ್ಕರ್ ಬದಲಾಯಿಸಿದ್ದಕ್ಕೆ ಅರ್ಧ ಕೋಶ ಇದ್ದದ್ದು ಅರವತ್ತು ಕೋಶ ಆಯಿತು.

ಒಂದು ಎಚ್ಚರಿಕೆ. ಅಡ್ಡಿ ಮಾಡುವ ವಸ್ತುಗಳೂ ಉದ್ದ ಗುರಿಗೇ ಜಾಸ್ತಿ ಪೆಟ್ಟು ಕೊಡುತ್ತವೆ. ಆಗಲೂ ಇಂಡೆಕ್ಸ್ ಏರುತ್ತದೆ. ಕಿಟ್ ಜೊತೆಗೇ ಬರುವ ಕಂಟ್ರೋಲ್ ಡಿಎನ್‌ಎಯ ಸಂಕೇತ ತಡವಾಗಿ ಎದ್ದಿದೆಯಾ ನೋಡಿ. ತಡವಾಗಿದ್ದರೆ ಸ್ಯಾಂಪಲ್ ಶುದ್ಧ ಮಾಡಿ ಅಥವಾ ತೆಳು ಮಾಡಿ ಮತ್ತೆ ಅಳೆಯಿರಿ. ಪಿಸಿಆರ್‌ಗೆ ಬಿಎಸ್‌ಎ ಪ್ರೋಟೀನ್ ಸೇರಿಸಿದರೂ ಎಷ್ಟೋ ಸಲ ಅಡ್ಡಿ ಬಿಡುತ್ತದೆ.

6. ಮಾರ್ಕರ್ ಆರಿಸಿ

ಮಾಮೂಲಿ ಎಸ್‌ಟಿಆರ್: ಇಂಡೆಕ್ಸ್ ಕಡಿಮೆ ಇದ್ದರೆ ಬೇರೆ ಏನನ್ನೂ ಯೋಚಿಸಬೇಡಿ, ಇಲ್ಲಿಂದಲೇ ಶುರು ಮಾಡಿ. ಹೆಚ್ಚಾಗಿ ನಾಲ್ಕು ಅಕ್ಷರದ ಪದ ಸಾಲಾಗಿ ಎಷ್ಟು ಸಲ ಬಂದಿದೆ ಅಂತ ಎಣಿಸುವುದೇ ಎಸ್‌ಟಿಆರ್. ಜಗತ್ತಿನ ಪೊಲೀಸ್ ಡೇಟಾಬೇಸ್‌ಗಳೆಲ್ಲ ಇದರ ಮೇಲೆಯೇ ನಿಂತಿವೆ. ಅಮೆರಿಕದ ಕೋಡಿಸ್ ಡೇಟಾಬೇಸ್ 13 ಮಾರ್ಕರ್‌ಗಳಿಂದ ಶುರುವಾಗಿ 2017ರಿಂದ 20 ಮಾರ್ಕರ್ ಬಳಸುತ್ತಿದೆ. ಹೋಲಿಸಲು ಡೇಟಾಬೇಸ್ ಬೇಕು ಅಂದರೆ ಎಸ್‌ಟಿಆರ್ ಬೇಕೇ ಬೇಕು. ತೊಂದರೆ ಒಂದೇ. ಈ ತುಂಡುಗಳ ಉದ್ದ ಸುಮಾರು 100ರಿಂದ 450 ಅಕ್ಷರದವರೆಗೆ ಹರಡಿರುತ್ತದೆ.

ಮಿನಿ ಎಸ್‌ಟಿಆರ್: ಇದರ ಹಿಂದಿನ ಯೋಚನೆ ನನಗೆ ತುಂಬಾ ಇಷ್ಟ. ಟಿಎಚ್01 ಮಾರ್ಕರ್‌ನಲ್ಲಿ ಒಬ್ಬರಿಗೆ 7 ಪುನರಾವರ್ತನೆ ಇದೆ ಅನ್ನಿ. ನಾಲ್ಕೇಳಲಿ ಇಪ್ಪತ್ತೆಂಟು. ನಮಗೆ ಬೇಕಾದ ಮಾಹಿತಿ ಇರುವುದು ಆ 28 ಅಕ್ಷರದಲ್ಲಿ. ಆದರೂ ಕಿಟ್‌ನಲ್ಲಿ ತುಂಡು ಅದರ ಎಷ್ಟೋ ಪಟ್ಟು ಉದ್ದ ಇರುತ್ತದೆ. ಯಾಕೆ? ಒಂದೇ ಬಣ್ಣದಲ್ಲಿ ಓಡುವ ಮಾರ್ಕರ್‌ಗಳು ಒಂದರ ಮೇಲೊಂದು ಬೀಳಬಾರದು ಅಂತ ನಕಲು ಎಲ್ಲಿಂದ ಎಲ್ಲಿವರೆಗೆ ಅಂತ ಗುರುತು ಮಾಡುವ ಗಿಡ್ಡ ಡಿಎನ್‌ಎ ಚೂರುಗಳಾದ ಪ್ರೈಮರ್‌ಗಳನ್ನು ಬೇಕೆಂದೇ ದೂರ ಇಟ್ಟಿರುತ್ತಾರೆ. ಆ ಪ್ರೈಮರ್‌ಗಳನ್ನು ಪುನರಾವರ್ತನೆಯ ಹತ್ತಿರಕ್ಕೆ ತಂದರೆ ಮಾರ್ಕರ್ ಅದೇ ಇರುತ್ತದೆ, ಸಂಖ್ಯೆ ಅದೇ ಬರುತ್ತದೆ, ತುಂಡು ಮಾತ್ರ ಗಿಡ್ಡ ಆಗುತ್ತದೆ. ಅಂದ್ರೆ ಡೇಟಾಬೇಸ್ ಜೊತೆ ಹೋಲಿಸಲು ಏನೂ ಅಡ್ಡಿಯಿಲ್ಲ.

2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್‌ನ ವರ್ಲ್ಡ್ ಟ್ರೇಡ್ ಸೆಂಟರ್ ಕುಸಿದ ಮೇಲೆ ಈ ವಿಧಾನಕ್ಕೆ ಬೇಗ ಬೆಳೆಯುವ ಅನಿವಾರ್ಯತೆ ಬಂತು. 2,753 ಜನ ಸತ್ತಿದ್ದರು. ಸಿಕ್ಕ ಅವಶೇಷಗಳ ತುಣುಕುಗಳು ಸುಮಾರು 22,000. ಬೆಂಕಿ, ನೀರು, ತಿಂಗಳುಗಟ್ಟಲೆ ಬಿಸಿ. ಮಾಮೂಲಿ ಕಿಟ್ ಕೈಕೊಟ್ಟ ಎಷ್ಟೋ ತುಣುಕುಗಳಲ್ಲಿ ಮಿನಿ ಎಸ್‌ಟಿಆರ್ ಫಲ ಕೊಟ್ಟಿತು. ಆಮೇಲೆ ಹುಟ್ಟಿನಿಂದಲೇ ಗಿಡ್ಡ ಇರುವ ಡಿ10ಎಸ್1248, ಡಿ22ಎಸ್1045, ಡಿ2ಎಸ್441 ಥರದ ಮಾರ್ಕರ್‌ಗಳನ್ನು ಹುಡುಕಿ ತೆಗೆದರು. ಇವು ಈಗ ಯುರೋಪ್ ಮತ್ತು ಅಮೆರಿಕ ಎರಡರ ಪಟ್ಟಿಯಲ್ಲೂ ಇವೆ.

ಎಲ್ಲ ಮಾರ್ಕರ್‌ಗಳೂ ಹೀಗೆ ಬಗ್ಗುವುದಿಲ್ಲ. ಎಫ್‌ಜಿಎ ಅನ್ನುವ ಮಾರ್ಕರ್‌ನಲ್ಲಿ ಪುನರಾವರ್ತನೆಯೇ ಉದ್ದ. ಪ್ರೈಮರ್ ಎಷ್ಟು ಹತ್ತಿರ ತಂದರೂ ಅದು ಗಿಡ್ಡ ಆಗುವುದಕ್ಕೆ ಒಂದು ಮಿತಿ ಇದೆ. ಇನ್ನೊಂದು ಸೂಕ್ಷ್ಮ: ಪ್ರೈಮರ್ ಕೂರುವ ಜಾಗದಲ್ಲಿ ಒಂದು ಅಕ್ಷರ ಬದಲಾಗಿದ್ದರೆ ಆ ಆಲೀಲ್ (ಅಪ್ಪ ಅಥವಾ ಅಮ್ಮನಿಂದ ಬಂದ ರೂಪ) ಕಾಣಿಸದೇ ಹೋಗಬಹುದು. ಮಾಮೂಲಿ ಕಿಟ್‌ನಲ್ಲಿ ಎರಡು ಆಲೀಲ್ ಬಂದು, ಮಿನಿಯಲ್ಲಿ ಒಂದೇ ಬಂದರೆ ‘ಬೇರೆ ವ್ಯಕ್ತಿ’ ಅಂತ ತಟ್ಟನೆ ಬರೆಯಬೇಡಿ.

ಇನ್‌ಡೆಲ್: ಕೆಲವು ಅಕ್ಷರ ಒಬ್ಬರಲ್ಲಿ ಇದೆ, ಇನ್ನೊಬ್ಬರಲ್ಲಿ ಇಲ್ಲ. ಅಷ್ಟೇ. 160 ಅಕ್ಷರಕ್ಕಿಂತ ಗಿಡ್ಡ ಇರುವ 30 ಇನ್‌ಡೆಲ್‌ಗಳ ಕಿಟ್ ಸಿಗುತ್ತದೆ, ಈಗಿರುವ ಎಸ್‌ಟಿಆರ್ ಯಂತ್ರದಲ್ಲೇ ಓಡಿಸಬಹುದು. ಹೊಸ ಯಂತ್ರಕ್ಕೆ ಹಣ ಇಲ್ಲದ ಲ್ಯಾಬ್‌ಗಳಿಗೆ ಇದು ಒಳ್ಳೆಯ ದಾರಿ.

ಸ್ನಿಪ್: ಒಂದೇ ಒಂದು ಅಕ್ಷರದ ವ್ಯತ್ಯಾಸ. ಎರಡು ಪ್ರೈಮರ್‌ಗೆ ಜಾಗ ಇದ್ದರೆ ಆಯಿತು, 60–70 ಅಕ್ಷರದ ತುಂಡು ಸಾಕು. ಆದರೆ ಒಂದು ಸ್ನಿಪ್ ಹೇಳುವುದು ಬಹಳ ಕಡಿಮೆ. ಸಾಮಾನ್ಯವಾಗಿ ಇರುವುದು ಎರಡೇ ಆಯ್ಕೆ. ಒಂದು ಎಸ್‌ಟಿಆರ್‌ಗೆ ಸಮ ಆಗಲು ಮೂರು ನಾಲ್ಕು ಸ್ನಿಪ್ ಬೇಕು. 2006ರಲ್ಲಿ ಯುರೋಪಿನ ಸಂಶೋಧಕರು ಸೇರಿ 52 ಸ್ನಿಪ್‌ಗಳ ಗುಂಪು ಮಾಡಿದ್ದು ಇದೇ ಲೆಕ್ಕದಿಂದ. ಇಬ್ಬರ ಡಿಎನ್‌ಎ ಬೆರೆತಿದ್ದರೆ ಸ್ನಿಪ್ ಕಷ್ಟ ಕೊಡುತ್ತದೆ. ಇಬ್ಬರಿಗೂ ಇರುವುದು ಅದೇ ಎರಡು ಅಕ್ಷರ, ಬೆರಕೆ ಆಗಿದೆ ಅಂತ ಗೊತ್ತಾಗುವುದೇ ಕಷ್ಟ. ಹತ್ತಿರ ಹತ್ತಿರ ಇರುವ ಎರಡು ಮೂರು ಸ್ನಿಪ್‌ಗಳನ್ನು ಒಂದೇ ತುಂಡಿನಲ್ಲಿ ಓದುವ ಮೈಕ್ರೋಹ್ಯಾಪ್ಲೋಟೈಪ್ ಈ ಕೊರತೆಯನ್ನು ತಕ್ಕಮಟ್ಟಿಗೆ ನೀಗುತ್ತದೆ. ಅದಕ್ಕೆ ಅಕ್ಷರ ಅಕ್ಷರವಾಗಿ ಓದುವ ಹೊಸ ತಲೆಮಾರಿನ ಸೀಕ್ವೆನ್ಸಿಂಗ್ ಯಂತ್ರ ಬೇಕು.

ಮೊದಲ ಹೆಜ್ಜೆಯಲ್ಲಿ ಹೇಳಿದ್ದು ನೆನಪಿದೆಯಾ? ಸಿ ಕೆಟ್ಟರೆ ಟಿ ಅಂತ ಕಾಣುತ್ತದೆ. ಸಿ ಅಥವಾ ಟಿ ಇರುವ ಸ್ನಿಪ್‌ನಲ್ಲಿ ಇದು ನೇರ ಮೋಸ. ಒಂದೇ ಜಾಗವನ್ನು ಹಲವು ಸಲ, ಎರಡೂ ಎಳೆಗಳಿಂದ ಓದಿದ ಮೇಲೆಯೇ ನಂಬಿ.

ಮೈಟೊಕಾಂಡ್ರಿಯ: ಮೇಲಿನದೆಲ್ಲ ಕೈಕೊಟ್ಟಾಗ, ಬುಡವಿಲ್ಲದ ಕೂದಲು ಸಿಕ್ಕಾಗ, ಇದರ ಹತ್ತಿರ ಬನ್ನಿ. 16,569 ಅಕ್ಷರದ ಪುಟ್ಟ ಉಂಗುರ. ಒಂದು ಕೋಶದಲ್ಲಿ ನ್ಯೂಕ್ಲಿಯಸ್ ಡಿಎನ್‌ಎ ಎರಡು ಪ್ರತಿ ಇದ್ದರೆ ಇದು ನೂರಾರು, ಸಾವಿರಾರು ಪ್ರತಿ ಇರುತ್ತದೆ. ಎಷ್ಟು ಮುರಿದರೂ ಯಾವುದೋ ಒಂದು ಪ್ರತಿಯಲ್ಲಿ ಬೇಕಾದ ಭಾಗ ಉಳಿದಿರುತ್ತದೆ. ವ್ಯತ್ಯಾಸ ಜಾಸ್ತಿ ಇರುವ ಎಚ್‌ವಿ1, ಎಚ್‌ವಿ2 ಭಾಗಗಳನ್ನು ಒಂದೇ ಏಟಿಗೆ ಓದಲು ಹೋಗಬೇಡಿ. ಗಿಡ್ಡ ಗಿಡ್ಡ ತುಂಡು ಮಾಡಿ, ತುದಿಗಳು ಒಂದರ ಮೇಲೊಂದು ಬರುವ ಹಾಗೆ ಓದಿ ಜೋಡಿಸಿ.

ಇದು ತಾಯಿಯ ಕಡೆಯಿಂದ ಮಾತ್ರ ಬರುತ್ತದೆ. ಹಾಗಾಗಿ ಅಮ್ಮ, ಅಜ್ಜಿ, ಸೋದರಮಾವ, ಚಿಕ್ಕಮ್ಮನ ಮಕ್ಕಳು ಎಲ್ಲರದೂ ಒಂದೇ. ಅದೇ ಇದರ ಬಲ, ಅದೇ ಮಿತಿ. ರಷ್ಯಾದ ಕೊನೆಯ ತ್ಸಾರ್ ಎರಡನೇ ನಿಕೊಲಾಸ್ ಕುಟುಂಬದ ಅವಶೇಷಗಳನ್ನು 1991ರಲ್ಲಿ ಯೆಕಟೆರಿನ್‌ಬರ್ಗ್ ಹತ್ತಿರ ಹೊರತೆಗೆದರು. ತ್ಸಾರನ ರಾಣಿಯ ಅಕ್ಕನ ಮೊಮ್ಮಗನಾಗಿದ್ದ ಬ್ರಿಟನ್ನಿನ ರಾಜಕುಮಾರ ಫಿಲಿಪ್ ಕೊಟ್ಟ ಸ್ಯಾಂಪಲ್ ರಾಣಿ ಮತ್ತು ಮಕ್ಕಳ ಮೈಟೊಕಾಂಡ್ರಿಯ ಜೊತೆ ಹೊಂದಿತು. ತ್ಸಾರನದು ಮಾತ್ರ 16169ನೇ ಜಾಗದಲ್ಲಿ ತಕರಾರು ಮಾಡಿತು. ಅಲ್ಲಿ ಸಿ, ಟಿ ಎರಡೂ ಬೆರೆತಿದ್ದವು. ಸಂಬಂಧಿಕರಲ್ಲಿ ಬರೀ ಟಿ. ಅನುಮಾನ ಹಾಗೇ ಉಳಿಯಿತು. ಕೊನೆಗೆ ಅವನ ತಮ್ಮ ಜಾರ್ಜ್‌ನ ಸಮಾಧಿ ತೆರೆದು ನೋಡಿದರೆ ಅದೇ ಜಾಗದಲ್ಲಿ ಅದೇ ಬೆರಕೆ ಇತ್ತು. 1996ರಲ್ಲಿ ಅದು ಪ್ರಕಟವಾಯಿತು. ಮೊದಲು ಅಡ್ಡಿ ಅನ್ನಿಸಿದ್ದೇ ಕೊನೆಗೆ ದೊಡ್ಡ ಸಾಕ್ಷಿ ಆಯಿತು. ಒಂದೇ ಒಂದು ಅಕ್ಷರ ವ್ಯತ್ಯಾಸ ಬಂದರೆ ‘ಅಲ್ಲ’ ಅಂತ ತಳ್ಳಿಹಾಕಬೇಡಿ ಅಂತ ಕೈಪಿಡಿಗಳು ಹೇಳುವುದು ಸುಮ್ನೆ ಅಲ್ಲ.

ಗಂಡಸಿನ ಕಡೆಯ ವಂಶಕ್ಕೆ ವೈ ಎಸ್‌ಟಿಆರ್ ಇದೆ, ಅಂದರೆ ಗಂಡಸರಲ್ಲಿ ಮಾತ್ರ ಇರುವ ವೈ ಕ್ರೋಮೋಸೋಮಿನ ಎಸ್‌ಟಿಆರ್. ಅಪ್ಪ, ಚಿಕ್ಕಪ್ಪ, ದೊಡ್ಡಪ್ಪ, ಅವರ ಗಂಡುಮಕ್ಕಳ ಜೊತೆ ಹೋಲಿಸಬಹುದು.

ಕ್ಯಾಪ್ಚರ್: 60 ಅಕ್ಷರವೂ ನೆಟ್ಟಗೆ ಉಳಿಯದಿದ್ದರೆ ಎರಡು ಪ್ರೈಮರ್‌ಗೆ ಜಾಗವೇ ಇರುವುದಿಲ್ಲ. ಆಗ ಪಿಸಿಆರ್‌ನಿಂದ ಗುರಿ ಹಿಡಿಯುವುದನ್ನು ಬಿಟ್ಟು, ಸಿಕ್ಕ ತುಂಡುಗಳ ತುದಿಗೆಲ್ಲ ಅಡಾಪ್ಟರ್ ಅನ್ನುವ ಗೊತ್ತಿರುವ ಡಿಎನ್‌ಎ ಚೂರು ಅಂಟಿಸಿ, ಬೇಕಾದವನ್ನು ಗಾಳ ಹಾಕಿ ಹಿಡಿದು ಓದುತ್ತಾರೆ. ಕೊರಿಯಾ ಯುದ್ಧದಲ್ಲಿ ಸತ್ತು ಹವಾಯಿಯ ಪಂಚ್‌ಬೌಲ್ ಸ್ಮಶಾನದಲ್ಲಿ ಹೆಸರಿಲ್ಲದೆ ಮಲಗಿದ್ದ ಸೈನಿಕರ ಮೂಳೆಗಳಿಗೆ ಹೂಳುವ ಮೊದಲು ಫಾರ್ಮಾಲ್ಡಿಹೈಡ್ ಹಚ್ಚಿದ್ದರು. ಅದರಿಂದ ಹಳೆಯ ವಿಧಾನಗಳು ವರ್ಷಗಟ್ಟಲೆ ಸೋತವು. ಅಮೆರಿಕದ ಸೇನೆಯ ಡಿಎನ್‌ಎ ಲ್ಯಾಬ್ 2016ರಿಂದ ಕ್ಯಾಪ್ಚರ್ ಬಳಸಿ ಅವರ ಮೈಟೊಕಾಂಡ್ರಿಯ ಓದಲು ಶುರು ಮಾಡಿತು. ಖರ್ಚು ಜಾಸ್ತಿ, ಕೆಲಸ ಜಾಸ್ತಿ. ಬೇರೆ ದಾರಿ ಇದ್ದಾಗ ಇದು ಬೇಡ.

7. ಗ್ರಾಫ್ ಓದುವಾಗ ಖಾಲಿ ಜಾಗಕ್ಕೂ ಅರ್ಥ ಇದೆ

ಕೋಶಗಳು ಏಳೆಂಟೇ ಇದ್ದಾಗ ಪಿಸಿಆರ್ ಲಾಟರಿ ಆಗುತ್ತದೆ. ಅಮ್ಮನಿಂದ ಬಂದ ಆಲೀಲ್ ಸಿಕ್ಕಿ, ಅಪ್ಪನದು ತಪ್ಪಿಹೋಗಬಹುದು. ಇದನ್ನು ಡ್ರಾಪ್‌ಔಟ್ ಅನ್ನುತ್ತಾರೆ. ಎಲ್ಲಿಂದಲೋ ಬಂದ ಒಂದು ಚೂರು ಪೀಕ್ ಆಗಿ ನಿಂತರೆ ಡ್ರಾಪ್‌ಇನ್.

ಡಿ16ಎಸ್539 ಅನ್ನುವ ಮಾರ್ಕರ್ ಜಾಗದಲ್ಲಿ ಒಂದೇ ಪೀಕ್ ಇದೆ ಅನ್ನಿ, 11 ಪುನರಾವರ್ತನೆಯದು. ಎತ್ತರ 140. ಅಪ್ಪ ಅಮ್ಮ ಇಬ್ಬರಿಂದಲೂ 11 ಬಂದಿದೆಯಾ? ಅಥವಾ ಇನ್ನೊಂದು ಆಲೀಲ್ ಕಾಣೆಯಾಗಿದೆಯಾ? ನಿಮ್ಮ ಲ್ಯಾಬ್ ತನ್ನ ಸ್ವಂತ ಪರೀಕ್ಷೆಗಳಿಂದ ಒಂದು ಗೆರೆ ಹಾಕಿಕೊಂಡಿರಬೇಕು, ಈ ಎತ್ತರಕ್ಕಿಂತ ಕೆಳಗಿದ್ದರೆ ಜೊತೆಯ ಆಲೀಲ್ ಬಿದ್ದುಹೋಗಿರಬಹುದು ಅಂತ. ಆ ಗೆರೆ 200 ಆಗಿದ್ದರೆ ಇಲ್ಲಿ ‘11, 11’ ಅಂತ ಬರೆಯುವ ಹಕ್ಕು ನಿಮಗಿಲ್ಲ. ‘11 ಮತ್ತು ಗೊತ್ತಿಲ್ಲದ ಒಂದು’ ಅಂತ ಬರೆಯಿರಿ. ನಿಜವಾಗಿ 11, 12 ಇರುವ ಮನುಷ್ಯನನ್ನು ‘ಇವನಲ್ಲ’ ಅಂತ ಕಳಿಸಿಬಿಡುವ ತಪ್ಪು ಹುಟ್ಟುವುದು ಇಂಥ ಜಾಗದಲ್ಲೇ.

ಇದಕ್ಕೆ ಹಳೆಯ ಮದ್ದು: ಸ್ಯಾಂಪಲ್ ಸಾಕಷ್ಟಿದ್ದರೆ ಎರಡು ಮೂರು ಸಲ ಬೇರೆ ಬೇರೆ ಪಿಸಿಆರ್ ಮಾಡಿ. ಎರಡು ಸಲವಾದರೂ ಕಂಡ ಆಲೀಲ್ ಮಾತ್ರ ಬರೆಯಿರಿ. ಈಗ ಎಸ್‌ಟಿಆರ್‌ಮಿಕ್ಸ್, ಯುರೋಫಾರ್‌ಮಿಕ್ಸ್ ಥರದ ಸಾಫ್ಟ್‌ವೇರ್‌ಗಳು ಡ್ರಾಪ್‌ಔಟ್‌ನ ಸಾಧ್ಯತೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ಒಳ್ಳೆಯದೇ. ಆದರೆ ಗ್ರಾಫ್ ನೀವೇ ಕಣ್ಣಾರೆ ಓದಿ ಅಭಿಪ್ರಾಯ ಬರೆದಿಟ್ಟ ಮೇಲೆ ಸಾಫ್ಟ್‌ವೇರ್‌ಗೆ ಕೊಡಿ. ಶಂಕಿತನ ಪ್ರೊಫೈಲ್ ಅಂತೂ ಅದಕ್ಕಿಂತ ಮೊದಲು ನೋಡಲೇಬೇಡಿ. ನೋಡಿದ ಮೇಲೆ ಕಣ್ಣು ಅದನ್ನೇ ಹುಡುಕುತ್ತದೆ.

8. ಯಾರ ಜೊತೆ ಹೋಲಿಸುವುದು

ಸತ್ತವರ ಹಲ್ಲುಜ್ಜುವ ಬ್ರಷ್, ಹಿಂದೆ ಆಪರೇಷನ್ ಆಗಿದ್ದರೆ ಆಸ್ಪತ್ರೆಯಲ್ಲಿ ಇಟ್ಟಿರುವ ಅಂಗಾಂಶ ಸಿಕ್ಕರೆ ನೇರ ಹೋಲಿಕೆ ಸಾಧ್ಯ. ಬ್ರಷ್ ನಿಜವಾಗಿ ಅವರದ್ದೇನಾ ಅಂತ ಎರಡು ಸಲ ಕೇಳಿ. ಸಿಗದಿದ್ದರೆ ಅಪ್ಪ, ಅಮ್ಮ, ಮಕ್ಕಳು. ಮಕ್ಕಳ ಜೊತೆ ಹೋಲಿಸುವಾಗ ಅವರ ಇನ್ನೊಬ್ಬ ಹೆತ್ತವರೂ ಸ್ಯಾಂಪಲ್ ಕೊಟ್ಟರೆ ಲೆಕ್ಕ ಗಟ್ಟಿಯಾಗುತ್ತದೆ. ಒಬ್ಬ ಅಣ್ಣನೋ ತಂಗಿಯೋ ಮಾತ್ರ ಇದ್ದು, ಪ್ರೊಫೈಲ್ ಕೂಡ ಅರೆಬರೆ ಆಗಿದ್ದರೆ ಉತ್ತರ ದುರ್ಬಲ. ಇನ್ನೊಬ್ಬ ಒಡಹುಟ್ಟಿದವರನ್ನು ಹುಡುಕಿ.

ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ 1995ರಲ್ಲಿ ಸುಮಾರು 8,000 ಗಂಡಸರು, ಹುಡುಗರನ್ನು ಕೊಂದಿದ್ದರು. ಹೂತ ದೇಹಗಳನ್ನು ಯಂತ್ರಗಳಿಂದ ಮತ್ತೆ ಅಗೆದು ಬೇರೆ ಗುಂಡಿಗಳಿಗೆ ಸಾಗಿಸಿದ್ದರಿಂದ ಒಬ್ಬನದೇ ಮೂಳೆಗಳು ಹಲವು ಗುಂಡಿಗಳಲ್ಲಿ ಸಿಕ್ಕವು. ಮನೆಯವರು ಕೊಟ್ಟ ರಕ್ತದ ಹನಿಗಳ ಜೊತೆ ಮೂಳೆಗಳ ಪ್ರೊಫೈಲ್ ಹೋಲಿಸಿ ಹೆಚ್ಚುಕಡಿಮೆ 7,000 ಜನರ ಗುರುತು ಹಿಡಿದಿದ್ದಾರೆ. ಒಂದು ಮನೆಯ ಅಣ್ಣತಮ್ಮಂದಿರೆಲ್ಲ ಒಟ್ಟಿಗೆ ಸತ್ತಿದ್ದರೆ ಡಿಎನ್‌ಎ ‘ಈ ತಾಯಿಯ ಮಗ’ ಅಂತ ಹೇಳುತ್ತದೆ, ಯಾವ ಮಗ ಅಂತ ಹೇಳುವುದಿಲ್ಲ. ಅಲ್ಲಿ ವಯಸ್ಸು, ಎತ್ತರ, ಹಲ್ಲು, ಬಟ್ಟೆ ಬೇಕಾಗುತ್ತವೆ.

9. ವರದಿ ಮತ್ತು ಉಳಿದ ಪುಡಿ

ವರದಿಯಲ್ಲಿ ‘ಹೊಂದುತ್ತದೆ’ ಅಂತ ಒಂದೇ ಪದ ಬರೆದು ಬಿಡಬೇಡಿ. ಎಷ್ಟು ಮಾರ್ಕರ್ ಓದಲು ಆಯಿತು, ಎಷ್ಟು ಆಗಲಿಲ್ಲ, ಇಂಡೆಕ್ಸ್ ಎಷ್ಟಿತ್ತು, ಎಷ್ಟು ಸಲ ಓಡಿಸಿದಿರಿ, ಎಲ್ಲ ಬರೆಯಿರಿ. ಈ ವ್ಯಕ್ತಿಯದೇ ಆಗಿದ್ದರೆ ಇಂಥ ಪ್ರೊಫೈಲ್ ಬರುವ ಸಾಧ್ಯತೆ, ಸಂಬಂಧವಿಲ್ಲದ ಬೇರೆ ಯಾರದೋ ಆಗಿದ್ದರೆ ಬರುವ ಸಾಧ್ಯತೆಗಿಂತ ಎಷ್ಟು ಪಟ್ಟು ಜಾಸ್ತಿ ಅಂತ ಸಂಖ್ಯೆ ಕೊಡಿ. ಮೈಟೊಕಾಂಡ್ರಿಯ ಮಾತ್ರ ಹೊಂದಿದ್ದರೆ ‘ಅದೇ ತಾಯಿವಂಶದ ಬೇರೆಯವರದೂ ಆಗಿರಬಹುದು’ ಅನ್ನುವ ವಾಕ್ಯ ಇರಲೇಬೇಕು. ಮನೆಯವರು ಓದುವಾಗ ಕೊನೆಯ ಸಾಲು ಮಾತ್ರ ಓದುತ್ತಾರೆ. ಅದನ್ನು ಕೊನೆಯ ಸಾಲಿನಲ್ಲೇ ಬರೆಯಿರಿ.

ಫಲಿತಾಂಶ ಬಂದಿರಲಿ, ಬರದೇ ಇರಲಿ, ಇರುವುದೆಲ್ಲವನ್ನೂ ಖರ್ಚು ಮಾಡಬೇಡಿ. ವರ್ಲ್ಡ್ ಟ್ರೇಡ್ ಸೆಂಟರ್‌ನಲ್ಲಿ ಸತ್ತವರಲ್ಲಿ ಸುಮಾರು 40 ಶೇಕಡಾ ಜನರ ಗುರುತು ಇನ್ನೂ ಸಿಕ್ಕಿಲ್ಲ. ಆದರೂ ಎರಡು ದಶಕ ದಾಟಿದ ಮೇಲೂ ಹೊಸ ಹೆಸರುಗಳು ಹೊರಬರುತ್ತಿವೆ. ಅವೇ ತುಣುಕುಗಳನ್ನು ಎತ್ತಿಟ್ಟಿದ್ದರು, ಹೊಸ ವಿಧಾನ ಬಂದಾಗಲೆಲ್ಲ ಮತ್ತೆ ಪರೀಕ್ಷೆ ಮಾಡಿದರು. ನಿಮ್ಮಲ್ಲೂ ಮೂಳೆಯ ಒಂದು ಭಾಗ ಪುಡಿ ಮಾಡದೇ ಉಳಿಯಲಿ. ಉಳಿದ ಪುಡಿ, ಉಳಿದ ಡಿಎನ್‌ಎ ದ್ರವ ಎರಡನ್ನೂ ಡಿಎನ್‌ಎ ಅಂಟದಂಥ ಟ್ಯೂಬ್‌ನಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ. ದ್ರವವನ್ನು ಸಣ್ಣ ಸಣ್ಣ ಪಾಲು ಮಾಡಿ, ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಬೇಡಿ. ಟ್ಯೂಬ್ ಮೇಲೆ ಕೇಸ್ ನಂಬರ್, ತಾರೀಕು, ಉಳಿದ ಪ್ರಮಾಣ, ಅಳೆದ ಇಂಡೆಕ್ಸ್ ಬರೆಯಿರಿ. ಹತ್ತು ವರ್ಷ ಬಿಟ್ಟು ಆ ಟ್ಯೂಬ್ ತೆರೆಯುವವರಿಗೆ ಎಷ್ಟುದ್ದದ ತುಂಡಿಗೆ ಗುರಿ ಇಡಬೇಕು ಅಂತ ಆ ಒಂದು ಸಂಖ್ಯೆ ಹೇಳುತ್ತದೆ.